ಅಡ್ಕ ಬಂದರೆ ಉಸಿರು, ಮೂಲೆ ಬಂದರೆ ಬ್ರೇಕು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಹಳ್ಳಿ ಗ್ರಂಥಾಲಯದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು. ಹುಡುಗರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರಿಂದ ಬರೆದು ಕೊಡಲು ಸಾಧ್ಯವಾಯಿತು. ನಡುವೆ ಮೈಕ್ ಕೈಕೊಟ್ಟಾಗಿನ ಮಾತು ಮಾತ್ರ ನೆನಪಿನಿಂದ ಬರೆದದ್ದು.)

ಎಲ್ಲರಿಗೂ ನಮಸ್ಕಾರ.

ಸ್ವಾಗತ ಭಾಷಣದಲ್ಲಿ ನನ್ನನ್ನು "ಸೈಕಲ್ ಸಾಹಸಿ" ಅಂದರು. ದಯವಿಟ್ಟು ಅದನ್ನು ವರದಿಯಲ್ಲಿ ಬರೆಯಬೇಡಿ. ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಸಮಾಜ ಪಾಠ ಹೇಳಿದ ಮಾಷ್ಟ್ರು. ಪೆನ್ಶನ್ ಆದ ವರ್ಷವೇ ಮೊಣಗಂಟು ಹಿಡಿಯಿತು. ಡಾಕ್ಟರು "ಗುಡ್ಡೆ ಹತ್ತಿ ಇಳಿಯುವುದು ಕಡಿಮೆ ಮಾಡಿ, ಸೈಕಲ್ ತುಳಿಯಿರಿ" ಅಂದರು. ಅವರ ಮನಸ್ಸಿನಲ್ಲಿದ್ದದ್ದು ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್. ಅದು ನನಗೆ ಗೊತ್ತಾಗುವಷ್ಟರಲ್ಲಿ ಗೇರಿನ ಸೈಕಲ್ ಮನೆಗೆ ಬಂದಾಗಿತ್ತು. ಹಾಗೆ ಸುರುವಾದ ಕಥೆ ಇದು.

ಇವತ್ತು ಹೇಳಬೇಕೆಂದಿರುವುದು ಒಂದು ಪ್ರಯಾಣದ ವಿಷಯ. ಕುಂಬಳೆಯ ಕಡಲಿಂದ ಹೊರಟು, ಬದಿಯಡ್ಕ, ಪೆರ್ಲ, ಏತಡ್ಕ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಪಾಣತ್ತೂರು, ಕರಿಕೆ ದಾಟಿ ಭಾಗಮಂಡಲ, ತಲಕಾವೇರಿ. ಅಲ್ಲಿಂದ ತಿರುಗಿ ಇಳಿದು ಹೊಸದುರ್ಗ. ಆರು ದಿವಸ ಬೇಕಾಯಿತು. ಕಾರಿನವರು ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾರೆ, ಅದನ್ನು ನನ್ನ ಹೆಂಡತಿ ಆಗಲೇ ಹೇಳಿದ್ದಾಳೆ.

ಈ ಆರು ದಿವಸದಲ್ಲಿ ಕಲಿತ ಒಂದು ಸಂಗತಿ, ಮೂವತ್ತೊಂದು ವರ್ಷ ಭೂಪಟ ತೂಗುಹಾಕಿ ಪಾಠ ಮಾಡಿದರೂ ನನ್ನ ತಲೆಗೆ ಹೊಳೆದಿರಲಿಲ್ಲ. ನಮ್ಮ ಊರುಗಳ ಹೆಸರೇ ನಮ್ಮ ಏರು-ಇಳಿಜಾರಿನ ನಕ್ಷೆ.

ಬದಿಯಡ್ಕ, ಏತಡ್ಕ, ಕಾರಡ್ಕ, ಬೇಡಡ್ಕ, ಧರ್ಮತ್ತಡ್ಕ. ಎಷ್ಟು ಅಡ್ಕ ನೋಡಿ. ಅಡ್ಕ ಅಂದರೆ ಗುಡ್ಡೆಗಳ ನಡುವೆ ಬಯಲಾಗಿ ಬಿದ್ದುಕೊಂಡ ಜಾಗ ಅಂತ ತುಳು ಬಲ್ಲವರಿಗೆಲ್ಲ ಗೊತ್ತು. ಆದರೆ ಬಾಯಲ್ಲಿ ಗೊತ್ತಿರುವುದು ಬೇರೆ, ಕಾಲಿಗೆ ಗೊತ್ತಾಗುವುದು ಬೇರೆ. ನೀರ್ಚಾಲು ಕಡೆಯಿಂದ ಏದುಸಿರು ಬಿಡುತ್ತಾ ಬದಿಯಡ್ಕ ಪೇಟೆಗೆ ಬಂದು ಮುಟ್ಟಿದಾಗ, ಪೆಡಲು ಒಮ್ಮೆಲೇ ಹಗುರವಾಯಿತು. ಆಗ ನಿಂತು ಯೋಚಿಸಿದೆ: ಈ ಊರಿಗೆ ಹೆಸರಿಟ್ಟ ಪುಣ್ಯಾತ್ಮನೂ ತಲೆಹೊರೆ ಹೊತ್ತುಕೊಂಡು ಇದೇ ಏರು ಹತ್ತಿ, ಇಲ್ಲಿಯೇ ಹೊರೆ ಇಳಿಸಿ, ಉಸಿರು ಬಿಟ್ಟಿರಬೇಕು.

ಪದವು ಅಂದರೆ ಗುಡ್ಡೆಯ ನೆತ್ತಿ ಮೇಲಿನ ಮುರಕಲ್ಲ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಹಾಸು. ಅಲ್ಲಿ ರಸ್ತೆ ಸಮತಟ್ಟು, ಆದರೆ ಮರ ಇಲ್ಲ, ನೀರಿಲ್ಲ. ಮಾರ್ಚಿ ತಿಂಗಳಲ್ಲಿ ಹನ್ನೊಂದು ಗಂಟೆಯ ಮೇಲೆ ಪದವಿನಲ್ಲಿ ಸೈಕಲ್ ತುಳಿಯುವುದು ಕಾವಲಿಯ ಮೇಲೆ ಓಡಿದ ಹಾಗೆ. ಹೆಸರಿನ ಕೊನೆಗೆ ಪದವು ಬಂದರೆ ಮೊದಲೇ ಬಾಟಲಿ ತುಂಬಿಸಿಕೊಳ್ಳಬೇಕು. ಮೂಲೆ ಅಂತ ಬಂದರೆ ಕಣಿವೆಯ ಕೊನೆ, ಒಳ್ಳೆಯ ಇಳಿಜಾರು, ಕೆಳಗೆ ತೋಡು ಎಂಬ ಸಣ್ಣ ಹಳ್ಳ, ಆಮೇಲೆ ಮತ್ತೆ ಏರು. ಬ್ರೇಕಿನ ಮೇಲೆ ಬೆರಳು ಇರಲಿ. ಕಾನ ಬಂದರೆ ನೆರಳು, ಈಗಲೂ ಅಲ್ಲಿ ಕಾಡು ಉಳಿದಿದ್ದರೆ. ಕುಂಜ ಅಂದರೆ ಗುಡ್ಡೆ. ಪಿಲಿಕುಂಜ ಹುಲಿಗುಡ್ಡೆ, ಹುಲಿ ಹೋಯಿತು, ಗುಡ್ಡೆ ಹಾಗೇ ಉಂಟು, ಮೊಣಗಂಟಿಗೆ ಅದು ಸಾಕು.

ಬೈಲು, ಮಜಲು, ಬೆಟ್ಟು. ಇದನ್ನು ಕೃಷಿಕರು ಒಪ್ಪುವ ಹಾಗೆ ಹೇಳಬೇಕು, ಇಲ್ಲಿ ತುಂಬ ಜನ ಕೂತಿದ್ದಾರೆ. ತೀರಾ ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ ಬೈಲು, ಎರಡು-ಮೂರು ಬೆಳೆ. ಅದರ ಮೇಲಿನ ಮೆಟ್ಟಿಲು ಮಜಲು, ಎರಡು ಬೆಳೆ. ಎಲ್ಲಕ್ಕಿಂತ ಮೇಲೆ, ಮಳೆಯನ್ನೇ ನಂಬಿದ್ದು ಬೆಟ್ಟು, ಒಂದೇ ಬೆಳೆ. ಹಿಂದಿನವರು ಇದರ ಮೇಲೆಯೇ ತೀರ್ವೆ, ಅಂದರೆ ಭೂಕಂದಾಯ, ಲೆಕ್ಕ ಹಾಕುತ್ತಿದ್ದರು. ನಾನು ಗೇರಿನ ಲೆಕ್ಕ ಹಾಕುತ್ತೇನೆ. ಬೈಲಿನ ಊರಿಂದ ಬೆಟ್ಟಿನ ಊರಿಗೆ ಹೋಗುವುದಾದರೆ ಹಿಂದಿನ ದೊಡ್ಡ ಚಕ್ರಕ್ಕೆ ಚೈನ್ ಹಾಕಿಯೇ ಹೊರಡುವುದು.

ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ಹನ್ನೆರಡು ಹೊಳೆ, ಎಲ್ಲವೂ ಕೊನೆಗೆ ಪಡುಗಡಲಿಗೆ. ಮಂಜೇಶ್ವರ ಹೊಳೆ ಬರೀ 16 ಕಿಲೋಮೀಟರ್, ಚಂದ್ರಗಿರಿ 105. ಇವು ಗುಡ್ಡೆಗಳನ್ನು ಬಾಚಣಿಗೆಯಲ್ಲಿ ಬಾಚಿದ ಹಾಗೆ ಸೀಳಿವೆ. ಹಾಗಾಗಿ ಮೂಡು-ಪಡು ಹೋಗುವ ರಸ್ತೆ ಗುಡ್ಡೆಯ ಬೆನ್ನು ಹಿಡಿದುಕೊಂಡು ಹೋಗಬಹುದು. ತೆಂಕು-ಬಡಗು ಹೋಗುವ ರಸ್ತೆ ಪ್ರತಿ ಹೊಳೆಗೂ ಇಳಿದು ಪ್ರತಿ ಗುಡ್ಡೆಗೂ ಹತ್ತಲೇಬೇಕು. ಘಟ್ಟದಲ್ಲಿ ಹತ್ತಿದ್ದು ಉಳಿಯುತ್ತದೆ. ನಮ್ಮಲ್ಲಿ ಐವತ್ತು ಮೀಟರ್ ಹತ್ತಿಸಿ ನಲ್ವತ್ತೈದು ಮೀಟರ್ ವಾಪಸು ಕಿತ್ತುಕೊಳ್ಳುತ್ತಾರೆ, ಬ್ಯಾಂಕಿನ ಬಡ್ಡಿಯ ಹಾಗೆ. ಕೊಡಗಿನ ಘಟ್ಟ ಹತ್ತಿದ ದಿವಸಕ್ಕಿಂತ ಏತಡ್ಕದಿಂದ ಮುಳ್ಳೇರಿಯಕ್ಕೆ ಒಳದಾರಿಯಲ್ಲಿ ಬಂದ ದಿವಸ ನನಗೆ ಹೆಚ್ಚು ಸುಸ್ತಾಗಿತ್ತು. ಯಾರೂ ನಂಬುವುದಿಲ್ಲ.

ಗೇರಿನ ಮಾತು ಬಂದದ್ದರಿಂದ ಒಂದು ಲೆಕ್ಕ ಹೇಳಿಬಿಡುತ್ತೇನೆ, ಮಕ್ಕಳಿಗೆ ಉಪಯೋಗ ಆದೀತು. ನಮ್ಮ ಹಳೆ ಗೇರಿಲ್ಲದ ಸೈಕಲಿನಲ್ಲಿ ಪೆಡಲು ಒಂದು ಸುತ್ತು ಬಂದರೆ ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಬಯಲು ಸೀಮೆಗೆ ಅದು ಸರಿ. ನನ್ನದರಲ್ಲಿ ಮುಂದೆ 30 ಹಲ್ಲು, ಹಿಂದೆ ದೊಡ್ಡದರಲ್ಲಿ 34. ಒಂದು ಸುತ್ತಿಗೆ ಎರಡು ಮೀಟರಿಗೂ ಕಡಿಮೆ. ನಿಮಿಷಕ್ಕೆ ಅರುವತ್ತು ಸುತ್ತು ತುಳಿದರೆ ಗಂಟೆಗೆ ಆರೂವರೆ-ಏಳು ಕಿಲೋಮೀಟರ್. ಜೋರಾಗಿ ನಡೆಯುವವರು ಹಿಂದಿನಿಂದ ಬಂದು ಮಾತಾಡಿಸಬಹುದು. ಮಾತಾಡಿಸುತ್ತಾರೆ ಕೂಡ. ಹತ್ತು ಕಿಲೋಮೀಟರಿನೊಳಗೆ ನನ್ನನ್ನು ಕೇಳಿದ್ದು: ಗದ್ದೆಯ ಹುಣಿಯಲ್ಲಿ ನಿಂತವರೊಬ್ಬರು ತುಳುವಿನಲ್ಲಿ "ಓಡೆಗ್ ಪೋಪಿನಿ?", ಹಾಲಿನ ಸೊಸೈಟಿಯ ಎದುರು ಒಬ್ಬರು ಹವ್ಯಕದಲ್ಲಿ "ಎಲ್ಲಿಗೆ ಹೆರಟದು ಮಾಷ್ಟ್ರೆ?", ಮೀನಿನ ಸ್ಕೂಟರಿನವರು ಮಲಯಾಳದಲ್ಲಿ "ಏಡ್ಯಾ ಪೋನ್ನ್?". ಮೂವರದ್ದೂ ಒಂದೇ ಪ್ರಶ್ನೆ, ಎಲ್ಲಿಗೆ ಹೊರಟದ್ದು ಅಂತ. ಏಳು ಭಾಷೆಯ ನಾಡು ಅಂತ ಸಭೆಗಳಲ್ಲಿ ಹೇಳುತ್ತೇವಲ್ಲ, ಅದು ಕಿವಿಗೆ ಬೀಳುವುದು ಗಂಟೆಗೆ ಏಳು ಕಿಲೋಮೀಟರ್ ವೇಗದಲ್ಲಿ ಮಾತ್ರ.

ಸರಿ, ಪ್ರಯಾಣಕ್ಕೆ ಬರುತ್ತೇನೆ.

ಕುಂಬಳೆ ಸೀಮೆಯ ನಾಲ್ಕು ದೇವಸ್ಥಾನ ಎಲ್ಲರ ಬಾಯಲ್ಲಿ ಉಂಟು: ಅಡೂರು, ಮಧೂರು, ಕಾವು, ಕಣಿಯಾರ. ನಾನು ಕಣಿಯಾರದಿಂದ, ಅಂದರೆ ಕುಂಬಳೆಯ ಗೋಪಾಲಕೃಷ್ಣನ ನಡೆಯಿಂದ ಹೊರಟದ್ದು. ಮೊದಲ ನಿಲ್ದಾಣ ಅನಂತಪುರ. ಕೆರೆಯ ನಡುವಿನ ಗುಡಿ, ಅದರ ಸುತ್ತ ಮುರಕಲ್ಲ ಬಯಲು. ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಹೋದಾಗ ಅದರ ಅಂತಿಮ ದರ್ಶನಕ್ಕೆ ಸೇರಿದ ಜನವನ್ನು ನೀವೆಲ್ಲ ನೋಡಿದ್ದೀರಿ. ಮರುವರ್ಷ ಇನ್ನೊಂದು ಮರಿ ಕಾಣಿಸಿಕೊಂಡಿತು. ನನಗೆ ದರ್ಶನ ಕೊಡಲಿಲ್ಲ. ಅಲ್ಲಿ ನನಗೆ ವಿಶೇಷ ಅನಿಸಿದ್ದು ಬೇರೆ: ಎತ್ತರದ ಒಣ ಮುರಕಲ್ಲ ಹಾಸಿನಲ್ಲಿ ವರ್ಷವಿಡೀ ನೀರು ಇರುವ ಕೆರೆ. ಮುರಕಲ್ಲು ಮಳೆಯನ್ನು ಹೀರಿ ಒಳಗೆ ಇಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ನಮ್ಮ ಊರಿನ ಅರ್ಧ ಚರಿತ್ರೆ ಈ ಕಲ್ಲಿನದ್ದು. ಟಿಪ್ಪುವಿನ ನಂತರ ಕಂಪೆನಿಯವರು ಈ ಸೀಮೆಯನ್ನು ಅಳೆದು ನೋಡಲು ಕಳಿಸಿದ ಫ್ರಾನ್ಸಿಸ್ ಬುಕಾನನ್, 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ಆಮೇಲೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಮರುವರ್ಷ ಅವನು ನಮ್ಮ ದಾರಿಯಾಗಿಯೇ ಬಡಗಿಗೆ ಹೋದದ್ದು. ಅಗೆಯುವಾಗ ಮೆತ್ತಗೆ, ಗಾಳಿ ತಾಗಿದರೆ ಗಟ್ಟಿ. ಕಬ್ಬಿಣದ ಹತ್ಯಾರಿನಲ್ಲಿ ಕಡಿದು ಕಲ್ಲು ಮಾಡಬಹುದು ಅಂತ ಅವನಿಗೆ ಆಶ್ಚರ್ಯ. ನಮಗೆ ಮನೆ ಕಟ್ಟುವ ಖರ್ಚಿನ ವಿಷಯ. ಈಗಿನ ಸೈಕಲಿನವನಿಗೆ ಅದು ಕೋರೆಯಿಂದ ಬರುವ ಟಿಪ್ಪರು ಲಾರಿಯ ವಿಷಯ. ಸೀತಾಂಗೋಳಿ ದಾಟುವಾಗ ಎರಡು ಸಲ ರಸ್ತೆ ಬಿಟ್ಟು ಕೆಳಗಿಳಿದೆ, ಮೂರನೆಯ ಸಲ ಕೆಂಪು ಧೂಳಿನಲ್ಲಿ ನಾನೇ ಮುರಕಲ್ಲಾದೆ.

ಬೇಳದ ಇಗರ್ಜಿ 1890ರದ್ದು. ಚೂಪು ಕಮಾನು, ಎತ್ತರದ ಗೋಪುರ. ಒಳಗೆ ತಂಪು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ಬದಿಯಡ್ಕದಲ್ಲಿ ಬನ್ಸ್ ಮುಗಿದೀತು ಅನ್ನುವ ಹೆದರಿಕೆ.

ಎಡನೀರು ಮಠ ಈ ದಾರಿಯಲ್ಲಿ ಸಿಗುವುದಿಲ್ಲ, ಚೆರ್ಕಳ-ಬದಿಯಡ್ಕ ರಸ್ತೆಯಲ್ಲಿ ಇರುವುದು. ಆದರೆ ನನ್ನ ಅಭ್ಯಾಸದ ತುಳಿತವೆಲ್ಲ ಆ ರಸ್ತೆಯಲ್ಲೇ ಆದದ್ದರಿಂದ ಹೇಳದೆ ಮುಂದೆ ಹೋಗಲಾರೆ. ಮಠದ ಎದುರು ಎಷ್ಟು ಬಸ್ಸು ಹೋಗುತ್ತವೆ, ಎಷ್ಟು ಜನ ತಲೆ ಎತ್ತಿ ನೋಡುತ್ತಾರೆ? ಈ ದೇಶದ ಸಂವಿಧಾನವನ್ನು ಪಾರ್ಲಿಮೆಂಟು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಅಂತ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಾಧೀಶರು ಏಳು-ಆರರಲ್ಲಿ ತೀರ್ಪು ಕೊಟ್ಟರಲ್ಲ, ಆ ಕೇಸು ಹಾಕಿದವರು ಈ ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ಸುರು ಆದದ್ದು ಕೇರಳದ ಭೂಸುಧಾರಣೆ ಕಾನೂನಿನಿಂದ, ಮಠದ ಭೂಮಿಯ ವಿಷಯದಲ್ಲಿ. ಭೂಮಿಯ ಮಟ್ಟಿಗೆ ಸ್ವಾಮೀಜಿಗೆ ಲಾಭ ಆಗಲಿಲ್ಲ, ಲಾಭ ಆದದ್ದು ದೇಶಕ್ಕೆ. ನಾನು ಒಂಬತ್ತನೇ ಕ್ಲಾಸಿಗೆ ಇದನ್ನು ಹತ್ತಾರು ವರ್ಷ ಪಾಠ ಮಾಡಿದ್ದೇನೆ, ಒಂದು ಸಲವೂ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ಪ್ರವಾಸಕ್ಕೆ ಮೈಸೂರಿಗೇ ಕರೆದುಕೊಂಡು ಹೋದೆ.

ಪೆರ್ಲದಿಂದ ಬಾಯಾರಿನ ಕಡೆಗೆ ಒಂದು ಸುತ್ತು ಹಾಕಿದೆ. ಅಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮಧ್ಯಾಹ್ನ ಒಂದು ಗಂಟೆ. ಬಾಟಲಿ ಎರಡೂ ಖಾಲಿ. ರಸ್ತೆಯಿಂದ ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡೆಯ ಹೊಟ್ಟೆಗೆ ಅಂಟಿಕೊಂಡ ಹಾಗೆ ಒಂದು ಮನೆ. ಹೋಗಿ ನೀರು ಕೇಳಿದೆ. ಮನೆಯ ಯಜಮಾನರು, ಎಪ್ಪತ್ತು ದಾಟಿರಬಹುದು, ಸೈಕಲ್ಲನ್ನೂ ನನ್ನನ್ನೂ ಎರಡು ಸಲ ನೋಡಿ, "ಬಾಟ್ಲಿ ಹಿಡ್ಕೊಳ್ಳಿ ಮಾಷ್ಟ್ರೆ, ಹುಟ್ಟುವಲ್ಲೇ ಹೋಗಿ ಕುಡಿಯುವ" ಅಂದರು. ಮನೆಯ ಹಿಂದೆ ಗುಡ್ಡೆಯ ಗೋಡೆಯಲ್ಲಿ ಒಂದು ಬಾಗಿಲು. ಬಾಗಿಲು ಅಂದರೆ ಒಬ್ಬ ಮನುಷ್ಯ ಭುಜ ಓರೆ ಮಾಡಿ ಹೋಗುವಷ್ಟು ಅಗಲ, ತಲೆ ತಗ್ಗಿಸಿ ಹೋಗುವಷ್ಟು ಎತ್ತರ. ಸುರಂಗ.

ಟಾರ್ಚು ಹಿಡಿದು ಅವರು ಮುಂದೆ, ನಾನು ಹಿಂದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೊರಗಿನ ಬಿಸಿಲು ಯಾವುದೋ ಬೇರೆ ಊರಿನದ್ದು ಅನ್ನಿಸಿತು. ಕಾಲಿನ ಗಂಟಿನವರೆಗೆ ನೀರು, ಅಡಿಯಲ್ಲಿ ನುಣ್ಣಗಿನ ಕೆಸರು. ಗೋಡೆಯ ಮೇಲೆ ಪಿಕ್ಕಾಸಿನ ಗೆರೆಗಳು ಒಂದರ ಪಕ್ಕ ಒಂದು, ಓರೆಯಾಗಿ, ಬಾಚಿದ ತಲೆಯ ಹಾಗೆ. "ನಲ್ವತ್ತು ಕೋಲು ಉದ್ದ ಉಂಟು. ಅಪ್ಪ ತೋಡಿಸಿದ್ದು" ಅಂದರು. ಒಳಗೆ ಹೋದ ಹಾಗೆ ಮುರಕಲ್ಲು ಮುಗಿದು ಬಿಳಿ-ಹಳದಿ ಶೇಡಿ ಮಣ್ಣು. ಅಲ್ಲಿ ಮೇಲಿಂದ ನೀರು ತೊಟ್ಟಿಕ್ಕುತ್ತದೆ. ತೋಡುವಾಗ ಮೊಂಬತ್ತಿ ಹಚ್ಚಿ ಇಡುತ್ತಿದ್ದರಂತೆ. ಬತ್ತಿ ಸಣ್ಣದಾದರೆ ಗಾಳಿ ಸಾಲದು, ಹೊರಗೆ ಬರಬೇಕು. ಒಬ್ಬ ಕೂತು ಅಗೆಯುವುದು, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಎಳೆದು ಹೊರಗೆ ಹಾಕುವುದು. ನೀರು ಸಿಗುವ ಖಾತ್ರಿ ಇಲ್ಲ. ಕಡಿದಾದ ಗುಡ್ಡೆಯಲ್ಲಿ ಬಾವಿ ತೋಡಿದರೆ ಎಷ್ಟು ಆಳಕ್ಕೆ ಹೋಗಬೇಕೋ, ಆಮೇಲೆ ಆ ನೀರನ್ನು ಎತ್ತಬೇಕು. ಅಡ್ಡಕ್ಕೆ ತೋಡಿದರೆ ನೀರು ತಾನಾಗಿ ನಡೆದು ಬರುತ್ತದೆ. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ, ಈಗ ಪೈಪಿನಲ್ಲಿ. ಕರೆಂಟು ಬೇಡ, ಪಂಪು ಬೇಡ, ಹಗಲು ರಾತ್ರಿ ಅದರ ಪಾಡಿಗೆ ಅದು.

ಕೈ ಬೊಗಸೆ ಮಾಡಿ ಕುಡಿದೆ. ಹೊರಗೆ ಬಂದು ಬಾಟಲಿಗೆ ಹಿಡಿದರೆ ತುಂಬಲು ಮೂರು-ನಾಲ್ಕು ನಿಮಿಷ ಬೇಕಾಯಿತು. ನಾನು ಅವಸರ ಮಾಡಿದ್ದು ಕಂಡು ಅವರು, "ಗುಡ್ಡೆಗೆ ಅವಸರ ಇಲ್ಲ" ಅಂದರು. ಕೊಳವೆ ಬಾವಿ ಬಂದ ಮೇಲೆ ಹೊಸದಾಗಿ ಸುರಂಗ ತೋಡುವವರು ಕಡಿಮೆ, ತೋಡುವ ಕೆಲಸ ಗೊತ್ತಿದ್ದವರು ಇನ್ನೂ ಕಡಿಮೆ.

ಅದೇ ಇಳಿಜಾರಿನ ಇನ್ನೊಂದು ಮುಖ ಎಣ್ಮಕಜೆಯಲ್ಲಿ ಕಂಡೆ. ಪಡ್ರೆ ಗ್ರಾಮದಲ್ಲಿ ಸ್ವರ್ಗ ಅಂತ ಒಂದು ಊರು ಉಂಟು, ನಿಮಗೆಲ್ಲ ಗೊತ್ತು. ಗುಡ್ಡೆಯ ತಲೆಯ ಮೇಲೆ ಗೇರುಬೀಜದ ತೋಟ. ಅದರ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಮೇಲೆ ಬಿದ್ದದ್ದು ಮಳೆ ಬಂದಾಗ ಕೆಳಗೆ ಬರದೆ ಎಲ್ಲಿಗೆ ಹೋಗುತ್ತದೆ? ತೋಡಿಗೆ, ಕೆರೆಗೆ, ಸುರಂಗಕ್ಕೆ, ಅಡಿಗೆ ಮನೆಯ ಕೊಡಕ್ಕೆ. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ನಿಲ್ಲಿಸಿದ್ದು 2011ರಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಬೇಕೆಂದು ಹೇಳಿದ್ದು 2017ರಲ್ಲಿ. ಒಂದು ಮನೆಯ ಜಗಲಿಯಲ್ಲಿ ಸೈಕಲಿನ ಗಂಟೆಯ ಸದ್ದಿಗೆ ಒಬ್ಬ ಹುಡುಗ ನಕ್ಕ. ಹುಡುಗ ಅಂದೆ, ವಯಸ್ಸು ಮೂವತ್ತರ ಮೇಲೆ ಅಂತ ಅವನ ಅಮ್ಮ ಹೇಳಿದರು. ಅವನಿಗಾಗಿ ಇನ್ನೂ ನಾಲ್ಕು ಸಲ ಗಂಟೆ ಬಾರಿಸಿದೆ. ಆ ದಿವಸ ಅಲ್ಲಿಂದ ಮುಂದೆ ಒಂದೂ ಫೋಟೋ ತೆಗೆಯಲಿಲ್ಲ.

ಏತಡ್ಕದಲ್ಲಿ ಕಟ್ಟ ಕಟ್ಟುವ ಸಮಯಕ್ಕೆ ಸರಿಯಾಗಿ ಹೋದದ್ದು ನನ್ನ ಅದೃಷ್ಟ. ಮಳೆ ನಿಂತು ತೋಡಿನ ನೀರು ಇಳಿಯುತ್ತಾ ಬರುವಾಗ ಕಲ್ಲು, ಮಣ್ಣು, ಅಡಿಕೆ ಮರ ಸೇರಿಸಿ ಅಡ್ಡ ಕಟ್ಟುತ್ತಾರೆ. ಮಳೆಗಾಲದಲ್ಲಿ ಅದು ಕೊಚ್ಚಿ ಹೋಗುತ್ತದೆ, ಮರುವರ್ಷ ಪುನಃ. ಒಂದರ ಕೆಳಗೆ ಒಂದು, ಮೆಟ್ಟಿಲಿನ ಹಾಗೆ. ಮೇಲಿನವರ ಕಟ್ಟದ ನೀರು ಕೆಳಗಿನವರ ಬಾವಿಗೆ ಒಸರುವುದರಿಂದ ಜಗಳವಾಡಿಕೊಂಡಾದರೂ ಒಟ್ಟಾಗಿ ಕಟ್ಟಲೇಬೇಕು. ನನಗೂ ಎರಡು ಕಲ್ಲು ಹೊರಲು ಕೊಟ್ಟರು. ಆಮೇಲೆ ಪುನರ್ಪುಳಿ ಶರಬತ್ತು, ಸಜ್ಜಿಗೆ-ಬಜಿಲು. ಕಿನ್ನಿಂಗಾರಿನಿಂದ ಸುಳ್ಯಪದವಿನ ತನಕ ಹೋಗಿ ಕರ್ನಾಟಕದ ಮಣ್ಣಿಗೆ ಒಂದು ಕಾಲು ಇಟ್ಟು ಬಂದೆ. ಗಡಿ ಅಂದರೆ ರಸ್ತೆಯ ಡಾಮರಿನ ಬಣ್ಣ ಬದಲಾಗುವ ಜಾಗ, ಅಷ್ಟೇ. 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿದಾಗ, ಆ ಬಣ್ಣ ಬದಲಾಯಿತು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಬರೆದುಕೊಟ್ಟಿತು, ಆ ಕಾಗದ ಹಾಗೇ ಇದೆ. ಈ ವಿಷಯದಲ್ಲಿ ಮಾತಾಡಲು ನನಗಿಂತ ದೊಡ್ಡವರು ಇಲ್ಲಿದ್ದಾರೆ, ನಾನು ಸೈಕಲಿಗೆ ವಾಪಸು ಬರುತ್ತೇನೆ.

ಕೋಟೆಗಳ ಬಗ್ಗೆ ಹೇಳು ಅಂತ ಚೀಟಿ ಬಂದಿದೆ. ಬೇಕಲ ಎಲ್ಲರೂ ನೋಡಿದ್ದೀರಿ: 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, ನಲ್ವತ್ತು ಎಕ್ರೆ. ಆದರೆ ಸೈಕಲಿನವನ ಕೋಟೆ ಪೊವ್ವಲ್. ಚೆರ್ಕಳ-ಜಾಲ್ಸೂರು ರಸ್ತೆಯ ಬದಿಯಲ್ಲೇ ಇದ್ದರೂ ಟಿಕೆಟು ಇಲ್ಲ, ಐಸ್‌ಕ್ರೀಮು ಇಲ್ಲ, ಒಳಗೆ ಹುಲ್ಲು ಮೇಯುವ ಎರಡು ದನ. ಕುಂಬಳೆ, ಚಂದ್ರಗಿರಿ, ಪೊವ್ವಲ್, ಬಂದಡ್ಕ, ಹೊಸದುರ್ಗ ಇವನ್ನು ಭೂಪಟದಲ್ಲಿ ಚುಕ್ಕಿ ಇಟ್ಟರೆ ಬಿಡಿಬಿಡಿ ಕಾಣುತ್ತವೆ. ತುಳಿದು ಹೋದರೆ ಅರ್ಥವಾಗುತ್ತದೆ. ಸಿಪಾಯಿಗಳಿಗೂ ಎತ್ತುಗಳಿಗೂ ಎಲ್ಲಿ ಸುಸ್ತಾಗುತ್ತಿತ್ತೋ ಅಲ್ಲಿಗೆ ಸರಿಯಾಗಿ ಕೋಟೆ. ನನಗೂ ಅಲ್ಲೇ ಸುಸ್ತಾಗುತ್ತಿತ್ತು. ಇದು ನನ್ನ ಸ್ವಂತ ಸಿದ್ಧಾಂತ, ಪರೀಕ್ಷೆಯಲ್ಲಿ ಬರೆದರೆ ಮಾರ್ಕು ಸಿಗಲಿಕ್ಕಿಲ್ಲ.

ಆದೂರು ಮತ್ತು ಅಡೂರು ಬೇರೆ ಬೇರೆ. ಎರಡು ಅಕ್ಷರದ ವ್ಯತ್ಯಾಸಕ್ಕೆ ನಾನು ಒಂದು ಗಂಟೆ ಸುತ್ತಿದ್ದೇನೆ. ಅಡೂರಿನಲ್ಲಿ ಪಯಸ್ವಿನಿಯ ದಡದ ಮಹಾಲಿಂಗೇಶ್ವರನ ನಡೆಯಲ್ಲಿ ಕೂತು ಕಾಲು ನೀರಿಗೆ ಇಳಿಬಿಟ್ಟಾಗ ಸಂಜೆಯಾಗಿತ್ತು.

ಸುಳ್ಯದ ಕಡೆ ಹೋದರೆ 1837 ನೆನಪಾಗದೆ ಇರುವುದಿಲ್ಲ. 1834ರಲ್ಲಿ ಕೊಡಗಿನ ಅರಸನನ್ನು ಇಳಿಸಿದ ಮೇಲೆ ಕಂಪೆನಿಯವರು ಅಮರ ಸುಳ್ಯ ಮಾಗಣೆಯನ್ನು, ಅಂದರೆ ಆ ಊರುಗಳ ಗುಂಪನ್ನು, ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿದರು. ಅಲ್ಲಿಯವರೆಗೆ ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ಕೊಡಿ ಅಂದರು. ಭತ್ತ ಉಂಟು, ರೂಪಾಯಿ ಎಲ್ಲಿಂದ ತರುವುದು? ಕೆದಂಬಾಡಿ ರಾಮಯ್ಯ ಗೌಡ, ಕಲ್ಯಾಣಸ್ವಾಮಿ ಇವರ ಮುಂದಾಳುತನದಲ್ಲಿ ದಂಡು ಹೊರಟು, ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲ್ ಮೊದಲ ವಾರ ಮಂಗಳೂರಿಗೇ ನುಗ್ಗಿತು. ಮಾರ್ಚಿ ಕೊನೆ, ಏಪ್ರಿಲ್. ಆ ಸೆಖೆಯಲ್ಲಿ, ಆ ಗುಡ್ಡೆಗಳಲ್ಲಿ, ಬರಿಗಾಲಲ್ಲಿ. ನಾನು ಡಿಸೆಂಬರಿನಲ್ಲಿ ಗೇರಿನ ಸೈಕಲಿನಲ್ಲಿ ಹೋಗಿ ಬಾಯಾರಿಕೆ ಅಂತ ಹೇಳುತ್ತಾ ಇದ್ದೇನೆ.

ಪಾಣತ್ತೂರಿನಿಂದ ಕರಿಕೆ, ಕರಿಕೆಯಿಂದ ಭಾಗಮಂಡಲ. ಈ ಘಟ್ಟದ ರಸ್ತೆ ಕಿರಿದು, ಬಸ್ಸು ಕಡಿಮೆ, ಕಾಡು ಎರಡೂ ಕಡೆ ಮುಚ್ಚಿಕೊಂಡಿದೆ. ಬೆಳಿಗ್ಗೆ ಬೆಳಕು ಸರಿಯಾಗಿ ಹರಿದ ಮೇಲೆಯೇ ಹೊರಟೆ, ಆನೆ ಇರುವ ಜಾಗ. ಹತ್ತುವುದರಲ್ಲಿ ಹೇಳಲು ಏನೂ ಇಲ್ಲ. ತುಳಿಯುವುದು, ನಿಲ್ಲುವುದು, ಬಾಳೆಹಣ್ಣು ತಿನ್ನುವುದು. ಅದಕ್ಕೂ ಲೆಕ್ಕ ಉಂಟು. ನಾನು, ಸೈಕಲ್, ಚೀಲ ಸೇರಿ 85 ಕಿಲೋ. ಕಡಲ ಮಟ್ಟದಿಂದ ತಲಕಾವೇರಿಯ 1,276 ಮೀಟರಿಗೆ ಇಷ್ಟು ಭಾರ ಎತ್ತಲು ದೇಹಕ್ಕೆ ಬೇಕಾಗುವ ಆಹಾರ ಸುಮಾರು ಸಾವಿರ ಕ್ಯಾಲರಿ. ಹತ್ತು ಬಾಳೆಹಣ್ಣು! ಇಷ್ಟು ದಿವಸದ ಕಷ್ಟ ಬರೀ ಹತ್ತು ಬಾಳೆಹಣ್ಣಿನದ್ದು ಅಂತ ಗೊತ್ತಾದಾಗ ಸ್ವಲ್ಪ ಬೇಸರವಾಯಿತು. ನಮ್ಮ ಅಡ್ಕ-ಮೂಲೆಗಳಲ್ಲಿ ಸುಮ್ಮನೆ ಹತ್ತಿ ಇಳಿದದ್ದು ಇದರಲ್ಲಿ ಸೇರಿಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಭಾಗಮಂಡಲದಲ್ಲಿ ತಾಮ್ರದ ಮಾಡಿನ (ಚಾವಣಿಯ) ಗುಡಿ ಕಂಡಾಗ ಮಧೂರಿಗೇ ವಾಪಸು ಬಂದೆನೋ ಅನ್ನಿಸಿತು, ಮಾಡಿನ ಇಳಿಜಾರು ಕೂಡ ಅದೇ ಬಗೆಯದ್ದು. ಇಂಥ ಮಳೆಗೆ ಬೇರೆ ಬಗೆಯ ಮಾಡು ನಿಲ್ಲುವುದಿಲ್ಲ. ಮೇಲೆ ತಲಕಾವೇರಿಯಲ್ಲಿ ನಿಂತಾಗ ಒಂದು ಯೋಚನೆ. ಈ ಗುಡ್ಡಗಳ ಸಾಲಿನಲ್ಲಿ ಮೂಡುಗಡೆ ಬಿದ್ದ ಮಳೆ ಕಾವೇರಿಯಾಗಿ 800 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿಗೆ. ಇಲ್ಲೇ ಹತ್ತಿರ ಪಟ್ಟಿಘಾಟಿನ ಕಾಡಿನಲ್ಲಿ ಪಡುಗಡೆ ಬಿದ್ದದ್ದು ಪಯಸ್ವಿನಿಯಾಗಿ, ಸುಳ್ಯ, ಜಾಲ್ಸೂರು, ಅಡೂರು ದಾಟಿ, ಚಂದ್ರಗಿರಿಯಾಗಿ, ತಳಂಗರೆಯ ಹತ್ತಿರ ಅರಬ್ಬಿ ಕಡಲಿಗೆ. ಅಡೂರಿನಲ್ಲಿ ನಾನು ಕಾಲು ಇಳಿಬಿಟ್ಟ ನೀರು ಇಲ್ಲಿಯದ್ದು.

ಇಳಿಯುವಾಗ ಪೆಟ್ಟು ತಿಂದೆ. ತಪ್ಪು ನನ್ನದೇ. ಏಳುನೂರು ಮೀಟರ್ ಇಳಿದರೆ ಆ 85 ಕಿಲೋದ ಶಕ್ತಿಯೆಲ್ಲ ಎಲ್ಲಾದರೂ ಹೋಗಬೇಕಲ್ಲ. ಲೆಕ್ಕದಲ್ಲಿ ಸುಮಾರು ಎರಡು ಲೀಟರ್ ನೀರು ಕುದಿಸುವಷ್ಟು ಶಾಖ. ಒಂದಷ್ಟು ಗಾಳಿಗೆ ಹೋಗುತ್ತದೆ, ಉಳಿದದ್ದು ಬ್ರೇಕಿನ ರಬ್ಬರಿಗೂ ರಿಮ್ಮಿಗೂ. ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯಬಾರದು. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ಬಿಡಬೇಕು, ಹಿಂದಿನದು ಮುಂದಿನದು ಬದಲಿಸಿ ಹಿಡಿಯಬೇಕು, ನಡುನಡುವೆ ನಿಲ್ಲಿಸಿ ತಣಿಸಬೇಕು. ಇದೆಲ್ಲ ಗೊತ್ತಿದ್ದೂ ಹೆದರಿಕೆಯಲ್ಲಿ ಹಿಂದಿನ ಬ್ರೇಕನ್ನು ಹಿಡಿದೇ ಇಳಿದೆ. ಕರಿಕೆಗೆ ಇನ್ನೂ ಸ್ವಲ್ಪ ದೂರ ಇರುವಾಗ "ಠಪ್". ಟ್ಯೂಬು ಒಡೆದು ಟಯರಿನ ಬದಿ ಎರಡು ಬೆರಳಿನಷ್ಟು ಸೀಳಿತ್ತು. ರಿಮ್ಮು ಮುಟ್ಟಿದರೆ ಕೈ ಸುಡುತ್ತದೆ. ಬೇರೆ ಟ್ಯೂಬು ಇತ್ತು, ಬೇರೆ ಟಯರು ಎಲ್ಲಿಂದ?

ನೂಕಿಕೊಂಡು ಹೋಗುತ್ತಾ ಇರುವಾಗ ಪಾಣತ್ತೂರು ಕಡೆಗೆ ಹೋಗುವ ಜೀಪು ಸಿಕ್ಕಿತು. ಅಲ್ಲಿ ಒಬ್ಬ ಅಜ್ಜನ ಸೈಕಲ್ ರಿಪೇರಿ ಅಂಗಡಿ. ಅಂಗಡಿ ಅಂದರೆ ಒಂದು ಹಲಗೆ, ಒಂದು ಪಂಪು, ನೀರಿನ ಬಾಣಲೆ. ಅವರು ಸೀಳಿದ ಟಯರನ್ನು ಒಳಮಗ್ಗುಲು ಮಾಡಿ ನೋಡಿದರು. ಒಂದು ಹಳೆ ಟಯರಿನಿಂದ ಅಂಗೈ ಅಗಲದ ತುಂಡು ಕತ್ತರಿಸಿದರು. ಅದರ ನಾಲ್ಕೂ ಅಂಚನ್ನು ಬ್ಲೇಡಿನಲ್ಲಿ ಹೆರೆದು ಹೆರೆದು ಕಾಗದದಷ್ಟು ತೆಳು ಮಾಡಿದರು, ಇಲ್ಲದಿದ್ದರೆ ಅಂಚು ಟ್ಯೂಬನ್ನು ಕೊರೆಯುತ್ತದಂತೆ. ಸೀಳಿನ ಒಳಗೆ ಕೂರಿಸಿ, ಟ್ಯೂಬು ಹಾಕಿ, ಅರ್ಧ ಗಾಳಿ ತುಂಬಿಸಿ, ಚಕ್ರ ತಿರುಗಿಸಿ ಕಿವಿಯಿಟ್ಟು ಕೇಳಿದರು. ಕಣ್ಣಿನಲ್ಲಿ ನೋಡಲಿಲ್ಲ, ಕಿವಿಯಲ್ಲಿ. ಆಮೇಲೆ ಉಳಿದ ಗಾಳಿ. ಎಷ್ಟಾಯಿತು ಅಂದರೆ ನಲ್ವತ್ತು ರೂಪಾಯಿ. ಆ ಟಯರಿನಲ್ಲೇ ಹೊಸದುರ್ಗ ಮುಟ್ಟಿದೆ. ಈಗಲೂ ಪೇಟೆಗೆ ಹೋಗುವುದು ಅದರಲ್ಲೇ.

ಹೊಸದುರ್ಗ ಅಂದೆ. ಕಾಞಂಗಾಡಿನ ತಾಲೂಕಿನ ಹೆಸರು ಇವತ್ತಿಗೂ ಅದೇ. ಪೇಟೆಯಿಡೀ ಮಲಯಾಳ, ಸರಕಾರಿ ಮೊಹರಿನಲ್ಲಿ ಕನ್ನಡದ ಹೊಸ ದುರ್ಗ. ಯಾರಿಗೂ ಅದರಿಂದ ತೊಂದರೆಯಾಗಿಲ್ಲ. ನಮ್ಮ ಕಡೆ ಮಾತ್ರ 2021ರಲ್ಲಿ ಊರುಗಳ ಹೆಸರು ಬದಲಾಗುತ್ತದೆ ಅಂತ ಗಲಾಟೆಯಾಯಿತು, ಅಂಥ ನಿರ್ಧಾರ ಆಗಿಲ್ಲ ಅಂತ ಸಮಜಾಯಿಷಿಯೂ ಬಂತು. ನನಗೆ ಹೆದರಿಕೆ ಆದೇಶದ್ದಲ್ಲ, ಬೋರ್ಡಿನದ್ದು. ಮಲಯಾಳದಲ್ಲಿ ಕಾರಡ್ಕವನ್ನು ಕಾಡಗಂ, ಬೇಡಡ್ಕವನ್ನು ಬೇಡಗಂ ಅನ್ನುತ್ತಾರೆ. ಅವರವರ ಬಾಯಿ, ಅನ್ನಲಿ. ಬೋರ್ಡಿನಲ್ಲಿ ಎರಡೂ ಇರಲಿ. ಒಂದೇ ಉಳಿದರೆ, ಕಾಡಗಂ ಅಂದರೆ ಕಾಡಿನ ಒಳಗೆ ಅಂತ ತಿಳಿದು ನೆರಳು ಹುಡುಕಿಕೊಂಡು ಬಂದ ಸೈಕಲಿನವನು ಬಯಲಲ್ಲಿ ಒಣಗಬೇಕಾದೀತು. ನನ್ನ ಆಕ್ಷೇಪ ಇಷ್ಟು ಸಣ್ಣದು.

ಹೋಗುವವರಿಗೆ ಒಂದೆರಡು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಒಳರಸ್ತೆಗಳಲ್ಲಿ ಪಾಚಿ ಹಿಡಿಯುತ್ತದೆ, ಬಿದ್ದರೆ ಎದ್ದೇಳುವುದು ನಿಧಾನ. ತೀರಾ ಸಪೂರದ ಟಯರು ಬೇಡ. ಬಟ್ಟೆ ಎರಡೇ ಜೊತೆ, ಟ್ಯೂಬು ಎರಡು, ಬ್ರೇಕಿನ ರಬ್ಬರು ಒಂದು ಜೊತೆ ಹೆಚ್ಚಿಗೆ. ಮತ್ತೆ ಫೋನಿನ ನಕ್ಷೆ ತೋರಿಸುವ ದಾರಿಗಿಂತ ಅಂಗಡಿಯಲ್ಲಿ ಕೇಳಿದ ದಾರಿ ಒಳ್ಳೆಯದು, ಒಂದು ಎಚ್ಚರಿಕೆಯೊಂದಿಗೆ: ನಮ್ಮವರು "ಇಲ್ಲೇ ಹತ್ತಿರ" ಅಂದರೆ ಮೂರು ಕಿಲೋಮೀಟರ್, "ಸ್ವಲ್ಪ ಗುಡ್ಡೆ ಉಂಟು" ಅಂದರೆ ಇಳಿದು ನೂಕಬೇಕು.

(ಇಲ್ಲಿಗೆ ಮಾತು ಮುಗಿಸಿ ಪ್ರಶ್ನೆಗಳಿದ್ದರೆ ಕೇಳಿ ಅಂದೆ. ಸೈಕಲಿನ ಬೆಲೆ ಎಷ್ಟು ಅಂತ ಮೂವರು ಕೇಳಿದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಎದ್ದು ನಿಂತರು.)

"ನಮ್ಮ ಮನೆ ಕಾನಮೂಲೆ. ಅಲ್ಲಿಗೆ ನಿಮ್ಮ ಸೈಕಲ್ ಬರ್ತದಾ?"

ಕಾನ, ಅದರ ಮೇಲೆ ಮೂಲೆ. ನಾನು ಹೇಳಿದೆ: "ಇಳಿಯುವಾಗ ಬರ್ತದೆ ಅಜ್ಜೀ. ಹೋಗುವಾಗ ನೂಕಬೇಕು."

"ಹಾಗಾದ್ರೆ ಊಟಕ್ಕೇ ಬನ್ನಿ" ಅಂತ ಹೇಳಿ ಕೂತರು.